ಚಳಿಗೆ ಸುಟ್ಟ ಕಂಟ್ರೋಲರ್

ಕೊಪ್ಪದ ಹತ್ತಿರದ ನಮ್ಮ ಭಾವನ ಮನೆಗೆ ಕರೆಂಟಿನ ಕಂಬ ಬಂದದ್ದೇ ತಡವಾಗಿ. ಬಂದ ಮೇಲೂ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ವಾರಗಟ್ಟಲೆ ಕತ್ತಲೆ. ಹಾಗಾಗಿ ಆ ಮನೆ ನಡೆಯುವುದು ಸೋಲಾರಿನ ಮೇಲೆ. ಒಂದು ಮಾರ್ಚಿನಲ್ಲಿ ಹಳೆಯ ಸಣ್ಣ ಪ್ಯಾನೆಲ್‌ಗಳನ್ನು ಇಳಿಸಿ, ಕೊಟ್ಟಿಗೆಯ ಮಾಡಿನ ಮೇಲೆ 540 ವ್ಯಾಟಿನ ಮೂರು ದೊಡ್ಡ ಪ್ಯಾನೆಲ್ ಏರಿಸಿದರು. ಮೂರನ್ನೂ ಸಾಲಾಗಿ, ಅಂದರೆ ಸೀರೀಸಿನಲ್ಲಿ ಜೋಡಿಸಿ ಬ್ಯಾಟರಿ ತುಂಬಿಸುವ ಒಂದು ಎಂಪಿಪಿಟಿ ಕಂಟ್ರೋಲರಿಗೆ ಕೊಟ್ಟರು. ಏಪ್ರಿಲ್, ಮೇ ತಿಂಗಳ ಉರಿಬಿಸಿಲನ್ನು ಅದು ತಡೆದುಕೊಂಡಿತು. ಮಳೆಗಾಲ ಕಳೆಯಿತು. ಡಿಸೆಂಬರಿನ ಒಂದು ಬೆಳಿಗ್ಗೆ, ಮಂಜು ಹರಿದು ಮೊದಲ ಬಿಸಿಲು ಬಿದ್ದ ಹೊತ್ತಿಗೆ, ಕಂಟ್ರೋಲರ್ ಸುಟ್ಟ ವಾಸನೆ ಜಗಲಿಗೆ ಬಂತು.

‘ಬೇಸಿಗೆ ಬಿಸಿಲಿಗೆ ಸುಡದ್ದು ಚಳಿಗೆ ಸುಟ್ಟಿತಲ್ಲ ಮಾರಾಯ’ ಎಂದು ಭಾವ ಫೋನಿನಲ್ಲಿ ಹೇಳಿದರು. ಅವರು ಆಶ್ಚರ್ಯಕ್ಕೆ ಹೇಳಿದ ಆ ಮಾತೇ ಸರಿಯಾದ ಉತ್ತರವಾಗಿತ್ತು. ಅದು ಸುಟ್ಟದ್ದು ನಿಜವಾಗಿಯೂ ಚಳಿಗೇ.

ಹಾಗೇಕೆ ಎಂದು ತಿಳಿಯಬೇಕಾದರೆ ಪ್ಯಾನೆಲನ್ನು ಮಗುಚಿ ಅದರ ಬೆನ್ನಿನ ಚೀಟಿ ಓದಬೇಕು. ಅಂಗಡಿಯಲ್ಲಿ ಮಾತೆಲ್ಲ ವ್ಯಾಟಿನದು: ಎಷ್ಟು ವ್ಯಾಟ್, ವ್ಯಾಟಿಗೆ ಎಷ್ಟು ರೂಪಾಯಿ. ಆದರೆ ಕಂಟ್ರೋಲರಿಗೂ ಪ್ಯಾನೆಲಿಗೂ ಜಾತಕ ಕೂಡುತ್ತದೆಯೇ ಎಂಬುದನ್ನು ವ್ಯಾಟ್ ಹೇಳುವುದಿಲ್ಲ. ಹೇಳುವುದು ಅದರ ಕೆಳಗಿನ ನಾಲ್ಕು ಸಂಖ್ಯೆಗಳು. ಮೊದಲನೆಯದು ವಿಓಸಿ: ತಂತಿಯನ್ನು ಯಾವುದಕ್ಕೂ ಜೋಡಿಸದೆ ಬಿಟ್ಟಾಗ ಪ್ಯಾನೆಲ್ ತೋರಿಸುವ ವೋಲ್ಟೇಜ್. ಎರಡನೆಯದು ವಿಎಂಪಿ: ಅತಿ ಹೆಚ್ಚು ಶಕ್ತಿ ಕೊಡುವಾಗಿನ ವೋಲ್ಟೇಜ್. ಐಎಂಪಿ ಎಂದರೆ ಆ ಹೊತ್ತಿನ ಆಂಪಿಯರ್. ಐಎಸ್‌ಸಿ ಎಂದರೆ ಎರಡು ತಂತಿ ಒಂದಕ್ಕೊಂದು ತಗುಲಿ ಶಾರ್ಟ್ ಆದರೆ ಹರಿಯುವ ಆಂಪಿಯರ್. ಭಾವನ ಮನೆಯ ಪ್ಯಾನೆಲಿನಲ್ಲಿ ಇವು ಕ್ರಮವಾಗಿ 49.6 ವೋಲ್ಟ್, 41.6 ವೋಲ್ಟ್, 13 ಆಂಪಿಯರ್, 13.9 ಆಂಪಿಯರ್. ಈ ಅಳತೆಯ ಪ್ಯಾನೆಲ್‌ಗಳೆಲ್ಲ ಹೆಚ್ಚುಕಡಿಮೆ ಇದೇ ಆಸುಪಾಸಿನಲ್ಲಿರುತ್ತವೆ.

ಹಿಂದೆ ಯಾರೂ ಇದನ್ನು ಓದಬೇಕಾಗಿರಲಿಲ್ಲ. 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಎಂಬ ಸೋಲಾರ್ ಕಂಪನಿ ಶುರುವಾದ ಆ ಕಾಲದಲ್ಲಿ ಮಲೆನಾಡು, ಕರಾವಳಿಯ ಮನೆಗಳಿಗೆ ಬಂದದ್ದು ಪ್ಯಾನೆಲ್, ಬ್ಯಾಟರಿ, ಕಂಟ್ರೋಲರ್, ನಾಲ್ಕು ದೀಪ ಎಲ್ಲ ಸೇರಿದ ಒಂದು ಸೆಟ್. ಆ ಪ್ಯಾನೆಲ್‌ಗಳು ಬ್ಯಾಟರಿಗೆಂದೇ ಹುಟ್ಟಿದವು. ಸಿಲಿಕಾನಿನ ಒಂದು ಬಿಲ್ಲೆ ಬಿಸಿಲಿನಲ್ಲಿ ಸುಮಾರು ಅರ್ಧ ವೋಲ್ಟ್ ಕೊಡುತ್ತದೆ. 12 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ ಪೂರ್ತಿ ತುಂಬಬೇಕಾದರೆ ಸುಮಾರು ಹದಿನಾಲ್ಕೂವರೆ ವೋಲ್ಟ್ ಬೇಕು. ಬಿಸಿಲಿಗೆ ಕಾದಾಗ ಕಳೆಯುವುದು ಒಂದಷ್ಟು, ತಂತಿಯಲ್ಲಿ ಕಳೆಯುವುದು ಒಂದಷ್ಟು. ಎಲ್ಲ ಲೆಕ್ಕ ಹಾಕಿ 36 ಬಿಲ್ಲೆ ಸಾಲಾಗಿ ಇಟ್ಟರು. 18 ವೋಲ್ಟ್ ಬಂತು. ‘12 ವೋಲ್ಟಿನ ಪ್ಯಾನೆಲ್’ ಎಂದು ನಾವು ಕರೆಯುವುದರಲ್ಲಿ ನಿಜವಾಗಿ 18 ವೋಲ್ಟ್ ಇರುವುದು ಈ ಕಾರಣಕ್ಕೆ. ಆ 36 ಎಂಬ ಸಂಖ್ಯೆಯಲ್ಲಿ ಎಷ್ಟು ವಿವೇಕವಿತ್ತು ಎಂದು ಈಗ ನೆನೆದರೆ ಗೌರವ ಮೂಡುತ್ತದೆ.

ಈಗ ಕಾರ್ಖಾನೆಗಳು ಪ್ಯಾನೆಲ್ ಮಾಡುವುದು ಗ್ರಿಡ್ಡಿಗೆ ಕರೆಂಟು ಕೊಡುವ ದೊಡ್ಡ ಸೋಲಾರ್ ಪಾರ್ಕುಗಳಿಗೆ, ಪೇಟೆಯ ತಾರಸಿಗಳಿಗೆ. ಅಲ್ಲಿ ಹೆಚ್ಚಿನ ಕಡೆ ಬ್ಯಾಟರಿಯೇ ಇಲ್ಲ. ಹಾಗಾಗಿ ಬಿಲ್ಲೆಗಳ ಸಂಖ್ಯೆ 60, 72 ಎಂದು ಏರಿತು. ಇಂದಿನ 540 ವ್ಯಾಟಿನದರಲ್ಲಿ 144 ಅರ್ಧ ಬಿಲ್ಲೆಗಳಿವೆ. ಅವು ಎರಡು ಪಾಲಾಗಿ ನಿಂತಿರುವುದರಿಂದ ವೋಲ್ಟೇಜ್ 72 ಬಿಲ್ಲೆಯದ್ದೇ. ವ್ಯಾಟಿನ ಲೆಕ್ಕದಲ್ಲಿ ಇವೇ ಅಗ್ಗ. ಹಳ್ಳಿಯ ಮನೆಯವರು ಇವನ್ನೇ ಕೊಳ್ಳುತ್ತಾರೆ, ಕೊಳ್ಳಲಿ. ಆದರೆ ಕೊಂಡ ಮೇಲೆ ಬ್ಯಾಟರಿಗೂ ಇವಕ್ಕೂ ನಡುವೆ ನಿಲ್ಲುವ ಕಂಟ್ರೋಲರನ್ನು ಅಳೆದು ತರುವ ಹೊಣೆ ಅವರ ಮೇಲೆಯೇ ಬಿದ್ದಿದೆ.

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸಲು ನಾನು ಅಬ್ಬಿ ನೀರನ್ನು ನೆನೆಯುತ್ತೇನೆ. ಗುಡ್ಡದ ಮೇಲಿನ ಝರಿಯಿಂದ ಪೈಪು ಹಾಕಿ ನೀರನ್ನು ಅಂಗಳದ ತೊಟ್ಟಿಗೆ ತರುತ್ತೇವಲ್ಲ, ಅಲ್ಲಿ ಝರಿ ಎಷ್ಟು ಎತ್ತರದಲ್ಲಿದೆ ಎಂಬುದು ವೋಲ್ಟೇಜ್. ಪೈಪಿನಲ್ಲಿ ಎಷ್ಟು ನೀರು ಬರುತ್ತದೆ ಎಂಬುದು ಆಂಪಿಯರ್. ನೀರು ಹೆಚ್ಚಾದರೆ ತೊಟ್ಟಿ ತುಂಬಿ ಹೊರಗೆ ಹೋಗುತ್ತದೆ, ಅಷ್ಟೇ. ಎತ್ತರ ಹೆಚ್ಚಾದರೆ, ಅದರಲ್ಲೂ ಕೆಳಗಿನ ನಲ್ಲಿ ಮುಚ್ಚಿದ್ದರೆ, ಒತ್ತಡಕ್ಕೆ ಪೈಪೇ ಒಡೆಯುತ್ತದೆ. ಎಂಪಿಪಿಟಿ ಕಂಟ್ರೋಲರಿನ ವಿಷಯದಲ್ಲೂ ಹೀಗೆಯೇ. ಅದರ ಮೈಮೇಲೆ ಬರೆದ ಆಂಪಿಯರನ್ನು ಮೀರಿದ ಪ್ಯಾನೆಲ್ ಹಾಕಬಹುದು. ಬರೆದ ವೋಲ್ಟೇಜನ್ನು ಮೀರಿದರೆ ಒಂದು ಕ್ಷಣವೂ ತಾಳುವುದಿಲ್ಲ.

ಎಂಪಿಪಿಟಿ ಎಂದೆ. ಪಿಡಬ್ಲ್ಯುಎಂ ಎಂಬ ಇನ್ನೊಂದು ಬಗೆಯೂ ಇದೆ, ಅಗ್ಗದ್ದು. ಅದು ಒಳಗೆ ಹೆಚ್ಚಿನದೇನೂ ಮಾಡುವುದಿಲ್ಲ. ಪ್ಯಾನೆಲನ್ನು ನೇರವಾಗಿ ಬ್ಯಾಟರಿಗೆ ಜೋಡಿಸುತ್ತದೆ. ಬ್ಯಾಟರಿ ತುಂಬುತ್ತಾ ಬಂದಂತೆ ಬಾಗಿಲನ್ನು ಬೇಗಬೇಗ ತೆಗೆದು ಮುಚ್ಚಿ ಕಡಿಮೆ ಮಾಡುತ್ತದೆ. ಬಾಗಿಲು ತೆರೆದಾಗ ಪ್ಯಾನೆಲಿನ ವೋಲ್ಟೇಜ್ ಬ್ಯಾಟರಿಯ ಮಟ್ಟಕ್ಕೆ ಇಳಿದುಬಿಡುತ್ತದೆ, ಆಂಪಿಯರ್ ಮಾತ್ರ ಇದ್ದಷ್ಟೇ ಇರುತ್ತದೆ. 540 ವ್ಯಾಟಿನ ಪ್ಯಾನೆಲನ್ನು 12 ವೋಲ್ಟಿನ ಬ್ಯಾಟರಿಗೆ ಇದರ ಮೂಲಕ ಕೊಟ್ಟರೆ 13 ಆಂಪಿಯರ್ ಗುಣಿಸು 13 ವೋಲ್ಟ್, 169 ವ್ಯಾಟ್. ಮೂರರಲ್ಲಿ ಎರಡು ಪಾಲು ಹೋಯಿತು. ಅದೂ ಕಂಟ್ರೋಲರ್ 50 ವೋಲ್ಟನ್ನು ತಾಳಿಕೊಂಡರೆ. ಪಿಡಬ್ಲ್ಯುಎಂ ಒಳಗೇ ಇರುವ 12 ವೋಲ್ಟಿನ ಎಷ್ಟೋ ಸೋಲಾರ್ ಇನ್ವರ್ಟರುಗಳಿಗೆ ತಾಳುವ ಶಕ್ತಿ ಇರುವುದು 25 ವೋಲ್ಟಿನಷ್ಟೇ. ಮನೆಯ ಹಳೆಯ ಇನ್ವರ್ಟರಿಗೆ ಹೊಸ ದೊಡ್ಡ ಪ್ಯಾನೆಲ್ ಸಿಕ್ಕಿಸಿ, ‘ಬೆಳಗಿನಿಂದ ಬಿಸಿಲಿದ್ದರೂ ಬ್ಯಾಟರಿ ಏರುತ್ತಿಲ್ಲ’ ಎನ್ನುವವರ ಮನೆಯಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಹಾಗೆಂದು ಪಿಡಬ್ಲ್ಯುಎಂ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. 36 ಬಿಲ್ಲೆಯ ಪ್ಯಾನೆಲ್, 12 ವೋಲ್ಟಿನ ಬ್ಯಾಟರಿ, ನಾಲ್ಕೈದು ದೀಪ, ಒಂದು ಫ್ಯಾನ್ ಇರುವ ಮನೆಗೆ ಅದೇ ಸಾಕು. ಬಿಸಿಲಿಗೆ ಕಾದ ಆ ಪ್ಯಾನೆಲಿನ ವೋಲ್ಟೇಜ್ ಹೇಗೂ ಬ್ಯಾಟರಿಯ ಹತ್ತಿರಕ್ಕೇ ಇಳಿದಿರುವುದರಿಂದ ಎಂಪಿಪಿಟಿ ಹಾಕಿ ಗಳಿಸುವುದು ಅಲ್ಪ. ಒಂದು ಎಚ್ಚರ ಮಾತ್ರ ಬೇಕು. ಪಿಡಬ್ಲ್ಯುಎಂಗೆ ಹೆಚ್ಚುವರಿ ಆಂಪಿಯರನ್ನು ಹೊರಗೆ ಬಿಡುವ ದಾರಿ ಇಲ್ಲ. ಪ್ಯಾನೆಲ್‌ಗಳ ಒಟ್ಟು ಐಎಸ್‌ಸಿಯ ಮೇಲೆ ಕಾಲು ಪಾಲು ಸೇರಿಸಿದ ಆಂಪಿಯರಿನದನ್ನೇ ತರಬೇಕು.

ಎಂಪಿಪಿಟಿ ಒಳಗಿರುವುದು ವೋಲ್ಟೇಜನ್ನು ಇಳಿಸಿ ಅದರ ಬದಲಿಗೆ ಆಂಪಿಯರ್ ಏರಿಸುವ ಪರಿವರ್ತಕ. ಪ್ಯಾನೆಲ್ ಯಾವ ವೋಲ್ಟೇಜಿನಲ್ಲಿ ಅತಿ ಹೆಚ್ಚು ಶಕ್ತಿ ಕೊಡುತ್ತದೋ ಅಲ್ಲಿ ಅದನ್ನು ನಿಲ್ಲಿಸಿ, ಮೋಡ ಸರಿದಂತೆ, ಬಿಸಿಲು ಏರಿದಂತೆ ಮತ್ತೆ ಮತ್ತೆ ಹುಡುಕುತ್ತಿರುತ್ತದೆ. ಅದೇ 540 ವ್ಯಾಟ್ ಇಲ್ಲಿ 12 ವೋಲ್ಟಿನ ಬ್ಯಾಟರಿಗೆ ಸುಮಾರು 40 ಆಂಪಿಯರ್ ಆಗಿ ಇಳಿಯುತ್ತದೆ. ದೊಡ್ಡ ಪ್ಯಾನೆಲ್ ತಂದವರಿಗೆ ಇದಲ್ಲದೆ ದಾರಿಯಿಲ್ಲ.

ಇಂಥ ಕಂಟ್ರೋಲರಿನ ಮೇಲೆ ಎರಡು ಮುಖ್ಯ ಸಂಖ್ಯೆಗಳು: 100/30, 150/60 ಹೀಗೆ. ಮೊದಲನೆಯದು ಪ್ಯಾನೆಲ್ ಕಡೆಯಿಂದ ತಾಳುವ ಗರಿಷ್ಠ ವೋಲ್ಟೇಜ್, ಎರಡನೆಯದು ಬ್ಯಾಟರಿಗೆ ಕೊಡುವ ಗರಿಷ್ಠ ಆಂಪಿಯರ್. ಭಾವನದು 150/60. ಮೂರು ಪ್ಯಾನೆಲ್ ಸೀರೀಸಿನಲ್ಲಿ: 49.6 ಗುಣಿಸು 3, ಒಟ್ಟು 148.8 ವೋಲ್ಟ್. ಜೋಡಿಸಿದವರು ಇದನ್ನು ಲೆಕ್ಕ ಹಾಕಿಯೇ ಹಾಕಿದ್ದರು. 150ಕ್ಕಿಂತ ಕಡಿಮೆ ಇದೆಯಲ್ಲ ಎಂದು. ಅವರು ಬಿಟ್ಟದ್ದು ಚೀಟಿಯ ಕೆಳಗಿನ ಸಣ್ಣ ಅಕ್ಷರದ ಸಾಲನ್ನು. ಅಲ್ಲಿರುವ ಸಂಖ್ಯೆಗಳೆಲ್ಲ ಬಿಲ್ಲೆಯ ಬಿಸಿ 25 ಡಿಗ್ರಿ ಇರುವಾಗಿನವು, ಪ್ರತಿ ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬಿದ್ದಾಗಿನವು.

ಸಿಲಿಕಾನಿನ ಸ್ವಭಾವ ನಮ್ಮ ಊಹೆಗೆ ತದ್ವಿರುದ್ಧ. ಬಿಸಿಲು ಜೋರಾದರೆ ಆಂಪಿಯರ್ ಏರುತ್ತದೆ, ನಿಜ. ಆದರೆ ಮೈ ಬಿಸಿಯಾದರೆ ವೋಲ್ಟೇಜ್ ಇಳಿಯುತ್ತದೆ, ತಣ್ಣಗಾದರೆ ಏರುತ್ತದೆ. ಈಗಿನ ಪ್ಯಾನೆಲ್‌ಗಳಲ್ಲಿ 25 ಡಿಗ್ರಿಗಿಂತ ಒಂದೊಂದು ಡಿಗ್ರಿ ಕೆಳಗಿಳಿದಾಗಲೂ ವಿಓಸಿ ಶೇಕಡಾ 0.27ರಷ್ಟು ಏರುತ್ತದೆ, ಪ್ಯಾನೆಲಿನಿಂದ ಪ್ಯಾನೆಲಿಗೆ ಅಷ್ಟಿಷ್ಟು ವ್ಯತ್ಯಾಸ, ಚೀಟಿಯಲ್ಲೋ ಕೈಪಿಡಿಯಲ್ಲೋ ಬರೆದಿರುತ್ತದೆ. ಡಿಸೆಂಬರಿನ ಬೆಳಿಗ್ಗೆ ಕೊಪ್ಪದ ಕಡೆ 10 ಡಿಗ್ರಿಗೆ ಇಳಿಯುವುದು ಹೊಸದಲ್ಲ. 15 ಡಿಗ್ರಿ ವ್ಯತ್ಯಾಸ, ಶೇಕಡಾ 4 ಏರಿಕೆ. 148.8 ಇದ್ದದ್ದು ಸುಮಾರು 155 ಆಯಿತು. ಅದರ ಮೇಲೆ ಆ ಹೊತ್ತಿನಲ್ಲಿ ಕಂಟ್ರೋಲರ್ ಇನ್ನೂ ಎಚ್ಚರಗೊಂಡು ಕರೆಂಟು ಎಳೆಯಲು ಶುರು ಮಾಡಿರುವುದಿಲ್ಲ. ನಲ್ಲಿ ಮುಚ್ಚಿದ ಪೈಪಿನ ಹಾಗೆ ಪೂರ್ತಿ ಒತ್ತಡ ಅದರ ಎದೆಯ ಮೇಲೆ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿಗೆ ಕಾದಾಗ ಅದೇ ಸಾಲು ತೆರೆದ ವೋಲ್ಟೇಜಿನಲ್ಲಿ 135 ದಾಟುತ್ತಿರಲಿಲ್ಲ. ಬೇಸಿಗೆ ಆ ಕಂಟ್ರೋಲರನ್ನು ಕಾಪಾಡಿತ್ತು.

ನಮ್ಮ ಕಡೆ ಇನ್ನೂ ಎರಡು ವಿಷಯ ಸೇರುತ್ತವೆ. ಮೋಡವಿಲ್ಲದ ರಾತ್ರಿ ಪ್ಯಾನೆಲ್ ಆಕಾಶಕ್ಕೆ ಮೈ ಒಡ್ಡಿಕೊಂಡು ಗಾಳಿಗಿಂತಲೂ ಕೆಲವು ಡಿಗ್ರಿ ಹೆಚ್ಚು ತಣ್ಣಗಾಗುತ್ತದೆ. ಬೆಳಿಗ್ಗೆ ಅದರ ಮೇಲೆ ಇಬ್ಬನಿ ಕಟ್ಟಿರುವುದು ಇದಕ್ಕೇ. ಇನ್ನೊಂದು, ಮಳೆ ನಿಂತ ಗಳಿಗೆಯಲ್ಲಿ ಮೋಡದ ಅಂಚಿನಿಂದ ಸೂರ್ಯ ಇಣುಕಿದಾಗ ಬೀಳುವ ಬೆಳಕು ಬರಿಯ ಬಿಸಿಲಿಗಿಂತ ಜೋರು. ನೇರ ಬಿಸಿಲಿನ ಜೊತೆ ಬಿಳಿಮೋಡದಿಂದ ಚಿಮ್ಮಿದ ಬೆಳಕೂ ಸೇರಿ 1000 ವ್ಯಾಟಿನ ಗಡಿಯನ್ನು ಕೆಲವು ಕ್ಷಣ ದಾಟುತ್ತದೆ. ಆಗ ಪ್ಯಾನೆಲ್ ಮಳೆಗೆ ತೊಯ್ದು ತಣ್ಣಗಿರುತ್ತದೆ. ಹಾಗಾಗಿ ಮಲೆನಾಡಿನಲ್ಲಿ ನಾನು ಗಾಳಿಯ 10 ಡಿಗ್ರಿ ಬಿಟ್ಟು 5 ಡಿಗ್ರಿ ಎಂದೇ ಲೆಕ್ಕ ಹಾಕುತ್ತೇನೆ. ಚಳಿಗಾಲದಲ್ಲಿ ನಡುಗುವ ಬೀದರದಲ್ಲೂ ಅಷ್ಟೇ. ಲೇಹ್‌ನಲ್ಲಿ ಮನೆ ಮಾಡಿದ ಯೋಧನೊಬ್ಬ ಇದನ್ನು ಓದುತ್ತಿದ್ದರೆ, ಸೊನ್ನೆಗಿಂತ 25 ಡಿಗ್ರಿ ಕೆಳಗೆ ಎಂದು ಹಿಡಿದು ಶೇಕಡಾ 13.5 ಸೇರಿಸಿಕೊಳ್ಳಬೇಕು. ನಮ್ಮ ರಾಜ್ಯದ ಮಟ್ಟಿಗೆ ವಿಓಸಿಗಳನ್ನು ಕೂಡಿಸಿ ಅದಕ್ಕೆ ಹತ್ತನೇ ಒಂದು ಪಾಲು ಸೇರಿಸಿದ ಮೇಲೂ ಕಂಟ್ರೋಲರಿನ ಗಡಿಯೊಳಗೆ ಇದ್ದರೆ ನಿಶ್ಚಿಂತೆ. 100 ವೋಲ್ಟಿನ ಕಂಟ್ರೋಲರಿಗೆ ಇಂಥ ಪ್ಯಾನೆಲ್ ಸೀರೀಸಿನಲ್ಲಿ ಒಂದೇ. ಎರಡು ಹಾಕಿದರೆ 99.2 ವೋಲ್ಟ್, ಅದೇ ಅಪಾಯ. 150ಕ್ಕೆ ಎರಡು. ಮೂರು ಬೇಕೆಂದರೆ 200ರದ್ದೋ 250ರದ್ದೋ ತರಬೇಕು.

ಇದು ಮೇಲಿನ ಗಡಿ. ಕೆಳಗಿನ ಗಡಿ ಬೇಸಿಗೆಯಲ್ಲಿ ಕಾಣಿಸುತ್ತದೆ. ಈ ಕಂಟ್ರೋಲರ್ ವೋಲ್ಟೇಜನ್ನು ಇಳಿಸಬಲ್ಲದು, ಏರಿಸಲಾರದು. ಪ್ಯಾನೆಲಿನ ವೋಲ್ಟೇಜ್ ಬ್ಯಾಟರಿಗಿಂತ ಸದಾ ಒಂದಷ್ಟು ಮೇಲಿರಲೇಬೇಕು. 60 ಬಿಲ್ಲೆಯ ಪ್ಯಾನೆಲ್ ಒಂದನ್ನೇ 24 ವೋಲ್ಟಿನ ಬ್ಯಾಟರಿಗೆ ಹಾಕಿದವರಿದ್ದಾರೆ. ಚೀಟಿಯಲ್ಲಿ ವಿಎಂಪಿ 31, ಸಾಕು ಅನ್ನಿಸುತ್ತದೆ. ಏಪ್ರಿಲಿನಲ್ಲಿ ಮೈ 65 ಡಿಗ್ರಿಗೆ ಏರಿದಾಗ ಅದು 27ಕ್ಕೂ ಕೆಳಗೆ ಬರುತ್ತದೆ. ಸೀಸ-ಆಮ್ಲದ ಎರಡು ಟ್ಯೂಬ್ಯುಲರ್ ಬ್ಯಾಟರಿಗಳ ಸಾಲು ಪೂರ್ತಿ ತುಂಬಲು 28.8 ವೋಲ್ಟ್ ಕೇಳುತ್ತದೆ. ಸುಡುವ ಬಿಸಿಲಿನಲ್ಲಿ ಬ್ಯಾಟರಿ ಅರೆಹೊಟ್ಟೆ. ಇದು ಕಂಟ್ರೋಲರನ್ನು ಸುಡುವುದಿಲ್ಲ, ಬ್ಯಾಟರಿಯನ್ನು ಮೆಲ್ಲಗೆ ಕೊಲ್ಲುತ್ತದೆ. ಪೂರ್ತಿ ತುಂಬದೆ ದಿನ ದೂಡಿದ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಐದಾರು ವರ್ಷ ಬಾಳಬೇಕಾದ ಬ್ಯಾಟರಿ ಎರಡಕ್ಕೇ ಕೈ ಕೊಡುತ್ತದೆ. ಜನ ಬ್ಯಾಟರಿಯ ಕಂಪನಿಯನ್ನು ದೂರುತ್ತಾರೆ.

ಇನ್ನು ಆಂಪಿಯರ್. ಸಾಮಾನ್ಯ ಲೆಕ್ಕ ಸುಲಭ: ಒಟ್ಟು ವ್ಯಾಟನ್ನು ಬ್ಯಾಟರಿಯ ವೋಲ್ಟೇಜಿನಿಂದ ಭಾಗಿಸಿ. 1080 ವ್ಯಾಟ್, 24 ವೋಲ್ಟ್ ಎಂದರೆ 45 ಆಂಪಿಯರ್. ಅಂಗಡಿಯವರು 50 ಆಂಪಿಯರಿನದು ಕೊಡುತ್ತಾರೆ, ತಪ್ಪಿಲ್ಲ. ಆದರೆ ಕಾದ ಪ್ಯಾನೆಲ್, ಧೂಳು, ತಂತಿ ಎಲ್ಲ ಕಳೆದು ಆ 1080ರಲ್ಲಿ ಮಧ್ಯಾಹ್ನ ಸಿಗುವುದು 850ರ ಆಸುಪಾಸು, 27 ವೋಲ್ಟಿಗೆ 31-32 ಆಂಪಿಯರ್. 30 ಆಂಪಿಯರಿನ ಕಂಟ್ರೋಲರ್ ಹಾಕಿದ್ದರೂ ಕಳೆದುಕೊಳ್ಳುತ್ತಿದ್ದದ್ದು ನಡುಮಧ್ಯಾಹ್ನದ ಚೂರು. ಒಳ್ಳೆಯ ಎಂಪಿಪಿಟಿ ತನ್ನ ಮಿತಿಗೆ ಬಂದ ಮೇಲೆ ಪ್ಯಾನೆಲಿನಿಂದ ಹೆಚ್ಚು ಎಳೆಯುವುದನ್ನೇ ನಿಲ್ಲಿಸುತ್ತದೆ. ಎಲ್ಲವೂ ಹಾಗಲ್ಲ, ಪ್ಯಾನೆಲ್ ಕಡೆಯ ಗರಿಷ್ಠ ವ್ಯಾಟ್ ಮತ್ತು ಐಎಸ್‌ಸಿ ಎಷ್ಟು ಎಂದು ಕೈಪಿಡಿಯಲ್ಲಿ ನೋಡಿಯೇ ಮುಂದುವರಿಯಬೇಕು.

ಮಲೆನಾಡಿನಲ್ಲಿ, ಮಿತಿಗೆ ಬಂದಾಗ ಎಳೆಯುವುದನ್ನು ನಿಲ್ಲಿಸುವ ಈ ಸ್ವಭಾವವನ್ನು ನಾವು ಬಳಸಿಕೊಳ್ಳಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಇಲ್ಲಿ ಸೋಲಾರ್ ಬೇಕಾಗುವುದೇ ಜುಲೈಯಲ್ಲಿ, ಕಂಬ ಮಲಗಿದಾಗ. ಆಗ ಬೆಳಕು ಬೇಸಿಗೆಯ ಕಾಲು ಪಾಲಷ್ಟೂ ಇರದ ದಿನಗಳು ಸಾಲುಸಾಲು. ಕಾಲು ಪಾಲು ಬೆಳಕಿನಲ್ಲಿ ಎರಡು ಪ್ಯಾನೆಲ್ 24 ವೋಲ್ಟಿನ ಬ್ಯಾಟರಿಗೆ 10 ಆಂಪಿಯರ್ ಕೊಟ್ಟರೆ ನಾಲ್ಕು 20 ಕೊಡುತ್ತವೆ. ಅದೇ ನಾಲ್ಕು ಮಾರ್ಚಿನಲ್ಲಿ ಕಂಟ್ರೋಲರಿನ ಮಿತಿ ಮುಟ್ಟಿ ಮಧ್ಯಾಹ್ನದ ಒಂದಷ್ಟನ್ನು ಬಿಟ್ಟುಬಿಡುತ್ತವೆ. ಬಿಡಲಿ, ಮಾರ್ಚಿನಲ್ಲಿ ನಮಗೆ ಕೊರತೆಯೇ ಇಲ್ಲ. ಪ್ಯಾನೆಲ್ ಅಗ್ಗವಾಗಿರುವ ಈ ಕಾಲದಲ್ಲಿ ದೊಡ್ಡ ಕಂಟ್ರೋಲರಿಗಿಂತ ಇನ್ನೊಂದು ಪ್ಯಾನೆಲಿಗೆ ಹಣ ಹಾಕುವುದು ಮಳೆನಾಡಿನ ಮನೆಗೆ ಲೇಸು.

ಹೀಗೆ ಪ್ಯಾನೆಲ್ ಹೆಚ್ಚಿಸುವಾಗ ಬ್ಯಾಟರಿಯನ್ನು ಮರೆಯಬಾರದು. ಟ್ಯೂಬ್ಯುಲರ್ ಬ್ಯಾಟರಿ ತನ್ನ ಆಂಪಿಯರ್-ಅವರಿನ, ಅಂದರೆ ಎಎಚ್‌ನ ಹತ್ತನೇ ಒಂದು ಪಾಲಿನಷ್ಟು ಆಂಪಿಯರನ್ನು ಸುಖವಾಗಿ ಕುಡಿಯುತ್ತದೆ; 150 ಎಎಚ್‌ಗೆ 15. ಅದರ ಒಂದೂವರೆ ಪಟ್ಟಿನವರೆಗೆ ಸೈ ಎನ್ನಬಹುದು. ಅದಕ್ಕೂ ಹೆಚ್ಚು ತುರುಕಿದರೆ ಕುದಿಯುತ್ತದೆ, ಡಿಸ್ಟಿಲ್ಡ್ ವಾಟರ್ ಬೇಗ ಇಳಿಯುತ್ತದೆ. ಕಂಟ್ರೋಲರಿನ ಸೆಟ್ಟಿಂಗಿನಲ್ಲಿ ಗರಿಷ್ಠ ಚಾರ್ಜಿಂಗ್ ಆಂಪಿಯರ್ ಎಂಬುದು ಇರುತ್ತದೆ, ಅಲ್ಲಿ ಕಟ್ಟಿಹಾಕಬೇಕು. ಲಿಥಿಯಂ ಹಾಕಿದವರು ಬ್ಯಾಟರಿಯ ಬಗೆಯನ್ನೂ ಬದಲಿಸಬೇಕು. ಟ್ಯೂಬ್ಯುಲರಿಗೆ ಇಟ್ಟ ಸೆಟ್ಟಿಂಗಿನಲ್ಲೇ ಲಿಥಿಯಂ ಓಡಿಸಿದರೆ ಅದರ ರಕ್ಷಣಾ ಸರ್ಕ್ಯೂಟ್ ನಡುವೆಯೇ ಸಂಪರ್ಕ ಕಡಿದುಕೊಂಡು, ಕಂಟ್ರೋಲರ್ ಒಂದೇ ಏಟಿಗೆ ಬ್ಯಾಟರಿ ಇಲ್ಲದೆ ನಿಲ್ಲುತ್ತದೆ. ಅದು ಎರಡಕ್ಕೂ ಒಳ್ಳೆಯದಲ್ಲ.

ಸೀರೀಸೋ ಪ್ಯಾರಲಲ್ಲೋ, ಅಂದರೆ ಒಂದರ ಹಿಂದೊಂದೋ ಪಕ್ಕಪಕ್ಕದಲ್ಲೋ, ಎಂಬ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಮನೆಯ ಸುತ್ತಲಿನ ಮರಗಳು ಕೊಡುತ್ತವೆ. ಮನೆ ನೆರಳಿನಲ್ಲಿ, ಬಿಸಿಲು ಇರುವುದು ದೂರದ ಕೊಟ್ಟಿಗೆಯ ಮೇಲೆ ಅಥವಾ ಅಡಿಕೆ ಒಣಗಿಸುವ ಅಂಗಳದ ಆಚೆ. 30 ಮೀಟರ್ ಅಂತರಕ್ಕೆ ಹೋಗಿ ಬರುವ ತಂತಿ 60 ಮೀಟರ್. 4 ಚದರ ಮಿಲಿಮೀಟರಿನ ತಾಮ್ರದ ತಂತಿಯಾದರೆ ಅದರ ತಡೆ ಸುಮಾರು 0.3 ಓಮ್. ಎರಡು ಪ್ಯಾನೆಲನ್ನು ಪ್ಯಾರಲಲ್ ಹಾಕಿದರೆ 26 ಆಂಪಿಯರ್; ತಂತಿಯಲ್ಲೇ 200 ವ್ಯಾಟ್ ಬಿಸಿಯಾಗಿ ಹೋಗುತ್ತದೆ. ಸೀರೀಸ್ ಹಾಕಿದರೆ 13 ಆಂಪಿಯರ್, ಹೋಗುವುದು 50 ವ್ಯಾಟ್. ಕರೆಂಟು ಅರ್ಧವಾದರೆ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ವೋಲ್ಟೇಜ್ ಗಡಿಯೊಳಗೆ ಇರುವವರೆಗೆ ದೂರಕ್ಕೆ ಸೀರೀಸೇ ಸರಿ. ಆದರೆ ಸೀರೀಸಿನಲ್ಲಿ ಒಂದು ಪ್ಯಾನೆಲಿನ ಮೇಲೆ ತೆಂಗಿನ ಹೆಡೆಯ ನೆರಳು ಬಿದ್ದರೂ ಇಡೀ ಸಾಲು ಸೊರಗುತ್ತದೆ. ಬೆಳಗಿನ ನೆರಳು ತಪ್ಪಿಸಲಾಗದ ಜಾಗದಲ್ಲಿ ದಪ್ಪ ತಂತಿಗೆ ಖರ್ಚು ಮಾಡಿ ಪ್ಯಾರಲಲ್ ಹಾಕುವುದು ಮೇಲು. ಮೂರು ಅಥವಾ ಹೆಚ್ಚು ಸಾಲುಗಳು ಪ್ಯಾರಲಲ್ ಸೇರುವಲ್ಲಿ ಪ್ರತಿ ಸಾಲಿಗೂ ಒಂದು ಫ್ಯೂಸ್ ಇರಲೇಬೇಕು. ಒಂದು ಸಾಲು ಕೆಟ್ಟರೆ ಉಳಿದ ಎರಡರ ಕರೆಂಟು ಅದರೊಳಕ್ಕೆ ನುಗ್ಗುತ್ತದೆ. ಮನೆಯ ಮಾಮೂಲಿ ಎಂಸಿಬಿಯನ್ನು ಪ್ಯಾನೆಲ್ ಸಾಲಿಗೆ ಹಾಕುವುದು ಬೇಡವೇ ಬೇಡ. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಆಗ ಕಿಡಿ ಆರುತ್ತದೆ. ಡಿಸಿ ಸೊನ್ನೆಗೆ ಬರುವುದಿಲ್ಲ, ಕಿಡಿ ಉರಿಯುತ್ತಲೇ ನಿಲ್ಲುತ್ತದೆ. ಡಿಸಿ ಎಂಸಿಬಿ ಎಂದು ಕೇಳಿಯೇ ತರಬೇಕು.

ಪೇಟೆಯಲ್ಲಿ ಎಂಪಿಪಿಟಿ ಎಂದು ಬರೆದ ತೀರಾ ಅಗ್ಗದ ಡಬ್ಬಿಗಳೂ ಸಿಗುತ್ತವೆ, ಒಳಗೆ ಇರುವುದು ಪಿಡಬ್ಲ್ಯುಎಂ. ಕೈಯಲ್ಲಿ ಹಿಡಿದರೆ ಹಗುರ. ನಿಜವಾದದ್ದರೊಳಗೆ ತಾಮ್ರದ ಸುರುಳಿ ಇರುವುದರಿಂದ ಅದು ಭಾರ. ಅನುಮಾನವಿದ್ದರೆ ಬ್ಯಾಟರಿ ಖಾಲಿ ಇರುವ ಬೆಳಗಿನ ಹೊತ್ತಿನಲ್ಲಿ ಡಿಸಿ ಕ್ಲ್ಯಾಂಪ್ ಮೀಟರಿನಿಂದ ಎರಡೂ ಕಡೆ ಅಳೆಯಿರಿ. ಪ್ಯಾನೆಲಿನ ವೋಲ್ಟೇಜ್ ಬ್ಯಾಟರಿಗಿಂತ ಬಹಳ ಮೇಲಿದ್ದೂ ಎರಡೂ ಕಡೆ ಆಂಪಿಯರ್ ಒಂದೇ ಬಂದರೆ ಅದು ಎಂಪಿಪಿಟಿ ಅಲ್ಲ.

ಜೋಡಿಸುವ ಕ್ರಮವೂ ಮುಖ್ಯ. ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. 12 ವೋಲ್ಟಿನ ಮನೆಯೋ 24ರದ್ದೋ ಎಂದು ಅನೇಕ ಕಂಟ್ರೋಲರುಗಳು ಬ್ಯಾಟರಿ ನೋಡಿಯೇ ನಿರ್ಧರಿಸುತ್ತವೆ. ಬಿಚ್ಚುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಬಿಸಿಲಿನಲ್ಲಿ ಪ್ಯಾನೆಲಿನ ತಂತಿ ಬಿಚ್ಚುವ ಮೊದಲು ಮೇಲೆ ಒಂದು ದಪ್ಪ ಕಂಬಳಿ ಹೊದಿಸಿ.

ಭಾವ ಹೊಸ ಕಂಟ್ರೋಲರ್ ತರಿಸಿದರು, ಅದೇ 150/60. ಜೊತೆಗೆ ಇನ್ನೊಂದು ಪ್ಯಾನೆಲ್. ಈಗ ಎರಡೆರಡರ ಎರಡು ಸಾಲು. ಪ್ರತಿ ಸಾಲಿಗೂ ಕೊಟ್ಟಿಗೆಯಿಂದ ಬೇರೆ ಬೇರೆ ತಂತಿ. ಬ್ಯಾಟರಿ 24 ವೋಲ್ಟ್, 300 ಎಎಚ್. ಚಾರ್ಜಿಂಗ್ ಮಿತಿಯನ್ನು 45 ಆಂಪಿಯರಿಗೆ ಇಟ್ಟಿದ್ದೇವೆ. ಜನವರಿಯ ಒಂದು ಬೆಳಿಗ್ಗೆ ಡಿಸಿ ಎಂಸಿಬಿ ಇಳಿಸಿಟ್ಟು, ಮಂಜು ಹರಿಯುವುದನ್ನೇ ಕಾದು, ಮಲ್ಟಿಮೀಟರ್ ಹಿಡಿದು ನಿಂತೆವು. ಅಡಿಕೆ ಮರಗಳ ಸಂದಿಯಿಂದ ಬಿಸಿಲು ಕೊಟ್ಟಿಗೆಯ ಮಾಡಿಗೆ ಬಿದ್ದೊಡನೆ ಮೀಟರಿನ ಅಂಕಿ ಸರಸರ ಏರಿ 103ರ ಹತ್ತಿರ ನಿಂತಿತು. ಭಾವ ಅದನ್ನು ಕಂಟ್ರೋಲರಿನ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದು, ಎಂಸಿಬಿ ಎತ್ತಿದರು.